ನಮ್ಮ ಕಟ್ಟೆಯ ಏರಿ

ಈ ಸಂಚಿಕೆಗೆ ಒಂದು ಲೇಖನವನ್ನು ಬರೆದು ಕಳುಹಿಸಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ, ಶಾಲೆಯ ನೆನಪುಗಳನ್ನು ಬರೆಯಲು ನನಗಿಂತ ಸಮರ್ಥರಾದವರು ಅನೇಕರಿರುವರೆಂದೆಣಿಸಿ, ಈ ಎರಡು ಮೂರು ವರ್ಷಗಳಿಂದ ನನ್ನ ಮನಸ್ಸನ್ನು ಆವರಿಸಿಕೊಂಡಿರುವ ಬೇರೊಂದು ವಿಷಯವನ್ನು ಆರಿಸಿಕೊಂಡೆನು. ಅದು ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ನಮ್ಮ ಮನೆತನಕ್ಕೆ ಸೇರಿದ ಒಂದು ಮಣ್ಣಿನ ಕಟ್ಟೆಯ ಸಂಗತಿ. ಹೆಣ್ಣುಮಕ್ಕಳ ಶಾಲೆಯ ಸಂಚಿಕೆಯಲ್ಲಿ ಕಟ್ಟೆಯ ಏರಿಗೇನು ಕೆಲಸವೆಂದು ಕೇಳುವ ಸೋದರಿಯರಿದ್ದರೆ, ಅವರು ದಯಮಾಡಿ ಸ್ವಲ್ಪ ದೂರ ನನ್ನೊಡನೆ ಏರಿಯ ಮೇಲೆ ನಡೆದು ಬರಲಿ.

ಈ ಕಟ್ಟೆಯು ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಇಳಿದು ಬರುವ ಒಂದು ಸಣ್ಣ ಹಳ್ಳಕ್ಕೆ ಅಡ್ಡಲಾಗಿ ಕಟ್ಟಲ್ಪಟ್ಟಿರುವುದು. ಆ ಹಳ್ಳವು ಗುಂಡ್ಲು ಹೊಳೆಯನ್ನೂ, ಗುಂಡ್ಲು ಹೊಳೆಯು ನಂಜನಗೂಡಿನ ಬಳಿ ಕಪಿಲೆಯನ್ನೂ ಸೇರುವುವು. ಏರಿಯ ಉದ್ದ ಸುಮಾರು 250 ಗಜ, ನಡುವಣ ಎತ್ತರ 18 ಅಡಿ. ನಮ್ಮ ಮುತ್ತಜ್ಜನವರು ಸ್ವಂತ ಹಿಡುವಳಿಯಲ್ಲಿ ಸ್ವಂತ ಹಣದಿಂದ ಹಾಕಿಸಿದ್ದು. ತಂದೆಯವರ ಕಾಲವಾದ ಮೇಲೆ ನಮ್ಮಣ್ಣನಿಗೂ ನನಗೂ ಜಂಟಿಯಾಗಿ ಬಂದಿತು. ಅದರ ಕೆಳಗೆ ಒಂದಾನೊಂದು ಕಾಲದಲ್ಲಿ ಬತ್ತದ ಗದ್ದೆಗಳಿದ್ದವು. ಈಗ ಅಲ್ಲಿ ಅರಿಶಿನವನ್ನೂ ಈರುಳ್ಳಿಯನ್ನೂ ಬಾವಿಯ ನೀರಿನಿಂದ ಬೆಳೆಯುತ್ತಾರೆ. ಹಳ್ಳದ ಬದಿಯಲ್ಲಿ 19 ಮನೆಗಳು ಎದ್ದಿವೆ. ಕಟ್ಟೆ ಕಟ್ಟಿದಾಗ ಆ ಸ್ಥಳದಲ್ಲಿ ಒಂದು ಗುಡಿಸಲೂ ಇರಲಿಲ್ಲವೆಂದು ಹಿರಿಯರು ಹೇಳುತ್ತಿದ್ದರು. ಏರಿಯು ಹಾಗೆಯೇ ಇದ್ದರೂ ಅದರ ಕೆಳಗಣ ಲೋಕವು ಬದಲಾಯಿಸಿತು. ಕಟ್ಟೆಯ ಅಪಾಯವನ್ನು ಅಳೆಯುವಾಗ ಅದರ ಎತ್ತರವನ್ನು ನೋಡುವುದಕ್ಕಿಂತ ಮುಂಚಿತವಾಗಿ ನೋಡತಕ್ಕದ್ದು ಇದನ್ನೇ ಎಂಬುದು ನನ್ನ ಅಭಿಪ್ರಾಯ.

ನಮ್ಮದು ನೀಲಗಿರಿಯ ಮಳೆಯ ನೆರಳಿನಲ್ಲಿರುವ ಸೀಮೆ. ಮೇ ತಿಂಗಳಲ್ಲಿ ಗುಡುಗಿನ ಮಳೆ ಒಂದಿಷ್ಟು, ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳಲ್ಲಿ ಮತ್ತೊಂದಿಷ್ಟು. ಬಂದರೆ ಒಂದೇ ರಾತ್ರಿಯಲ್ಲಿ ಹಳ್ಳಕೊಳ್ಳಗಳನ್ನು ತುಂಬಿಸಿ ಹೋಗುವುದು, ಬಾರದಿದ್ದರೆ ವರ್ಷಗಟ್ಟಲೆ ಬಾರದು. ಹೀಗೆ ಬಹಳ ಕಾಲ ಬರಿದಾಗಿದ್ದ ನಮ್ಮ ಕಟ್ಟೆಯು, 2022ರ ಆಗಸ್ಟ್ ಸೆಪ್ಟೆಂಬರಿನಲ್ಲಿ ದಕ್ಷಿಣ ಕರ್ನಾಟಕದಲ್ಲೆಲ್ಲಾ ಕೆರೆಗಳು ಕೋಡಿಬಿದ್ದ ಆ ಮಳೆಗಾಲದಲ್ಲಿ ತುಂಬಿತು. ಊರಿನವರು ಹಬ್ಬವನ್ನೇ ಮಾಡಿದರು. ನಾನೂ ಹೋಗಿ ನೀರು ನೋಡಿ ಸಂತೋಷಪಟ್ಟೆನು. ಹಿಂದಿರುಗುವಾಗ ಏರಿಯ ಕೆಳಗಣ ಮೊದಲನೆಯ ಮನೆಯ ಮುದುಕಿಯು ಬಾಗಿಲಿಗೆ ಬಂದು ನಿಂತು, “ಈ ಕಿತ ಏರಿ ನಿಂತದಾ, ಅವ್ವಾ?” ಎಂದು ಕೇಳಿದಳು. ಆಕೆಯ ಹಿತ್ತಲಿನಲ್ಲಿ ಕಳೆದ ನಾಲ್ಕು ದಿವಸಗಳಿಂದ ನೆಲವು ಜೌಗಾಗಿ, ಬಟ್ಟೆ ಒಗೆಯುವ ಕಲ್ಲಿನ ಸುತ್ತಲೂ ಸಣ್ಣಗೆ ನೀರು ಏಳುತ್ತಿದೆಯೆಂದು ತೋರಿಸಿದಳು. ಇದನ್ನು ಆಕೆ ಇಬ್ಬರು ಮೂವರು ಗಂಡಸರಿಗೆ ಹೇಳಿದ್ದಳಂತೆ. ಕಟ್ಟೆ ತುಂಬಿದ ಮೇಲೆ ತೇವವಾಗುವುದು ಸಹಜವೆಂದು ಅವರು ಹೇಳಿ ಹೋದರಂತೆ. ಏರಿಯ ಬುಡದಲ್ಲಿ ದಿನವೂ ಓಡಾಡುವವರು ಹೆಂಗಸರು. ಅಲ್ಲಿ ಆಗುವ ವ್ಯತ್ಯಾಸವನ್ನು ಮೊದಲು ಕಾಣುವವರೂ ಅವರೇ. ಆದರೆ ಏರಿಯ ವಿಷಯವನ್ನು ಅವರೊಡನೆ ವಿಚಾರಿಸುವ ಪದ್ಧತಿ ನಮ್ಮಲ್ಲಿಲ್ಲ.

ನೀರು ಜಿನುಗುವುದು ಮಣ್ಣಿನ ಏರಿಗಳಿಗೆಲ್ಲಾ ಸ್ವಾಭಾವಿಕವೆಂಬುದು ನಿಜ. ಜಿನುಗದ ಮಣ್ಣಿನ ಏರಿಯು ಜಗತ್ತಿನಲ್ಲಿಲ್ಲ. ನೋಡಬೇಕಾದದ್ದು ಆ ನೀರಿನ ಬಣ್ಣವನ್ನು. ತಿಳಿನೀರು ಬಂದರೆ ನೀರು ಮಾತ್ರವೇ ಹೊರಗೆ ಬರುತ್ತಿದೆಯೆಂದು ತಿಳಿಯಬೇಕು. ಕದಡಿದ ನೀರು ಬಂದರೆ ಅದು ತನ್ನೊಡನೆ ಏರಿಯ ಮಣ್ಣನ್ನೂ ತರುತ್ತಿರುವುದು. ಆಗ ಏರಿಯ ಹೊರಮೈಯಿಂದ ಒಳಮೈಯ ಕಡೆಗೆ ಒಂದು ಬಿಲವು ಸ್ವಲ್ಪ ಸ್ವಲ್ಪವಾಗಿ ಹಿಂದಕ್ಕೆ ಬೆಳೆಯುತ್ತಾ ಹೋಗಿ, ಒಂದು ಗಳಿಗೆಯಲ್ಲಿ ನೀರನ್ನು ಮುಟ್ಟುವುದು. ಆ ಮೇಲೆ ಕೆಲವು ಗಂಟೆಗಳೊಳಗೆ ಏರಿಯು ಇಲ್ಲವಾಗಬಹುದು. ಹೆಗ್ಗಣದ ಬಿಲ, ಏಡಿಯ ಗುಂಡಿ, ಗೆದ್ದಲಿನ ಗೂಡು, ಸತ್ತ ಮರದ ಕೊಳೆತ ಬೇರು, ಹಳೆಯ ತೂಬಿನ ಪಕ್ಕದ ಸಂದು, ಇವೆಲ್ಲಾ ಆ ಬಿಲಕ್ಕೆ ಸಿದ್ಧವಾಗಿರುವ ದಾರಿಗಳು. ಬಹಳ ವರ್ಷ ಒಣಗಿ ಬಿರುಕುಬಿಟ್ಟ ಏರಿಗೆ ಏಕಾಏಕಿ ನೀರು ತುಂಬಿದರೆ ಅಪಾಯವು ಇನ್ನೂ ಹೆಚ್ಚು. ಈಚೆಗೆ ಕಬಿನಿಯ ನೀರನ್ನು ಏತದಿಂದೆತ್ತಿ ನಮ್ಮ ಸೀಮೆಯ ಹಲವು ಕೆರೆಗಳಿಗೆ ತುಂಬಿಸುವ ಕಾರ್ಯವು ನಡೆದಿರುವುದು. ಅದು ಬಹಳ ಉಪಕಾರವಾದ ಕೆಲಸವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಎಷ್ಟೋ ವರ್ಷ ದನ ಮೇಯಿಸಲು ಮಾತ್ರ ಉಪಯೋಗವಾಗುತ್ತಿದ್ದ ಏರಿಗಳು ಈಗ ಮತ್ತೆ ನೀರಿನ ಭಾರವನ್ನು ಹೊರಬೇಕಾಗಿವೆ. ಮೇಲಣ ಕೆರೆಯು ತುಂಬಿ ಹರಿದರೆ ಕೆಳಗಣ ಸಣ್ಣ ಕಟ್ಟೆಗೂ ಅದರ ಪಾಲು ಬರುವುದು.

ಏರಿಯಿಂದ ನೀರು ಒಸರುವುದು ಕೆರೆಯ ದೋಷವೆಂಬುದು ಹೊಸ ಶೋಧನೆಯಲ್ಲ. ಕಡಪ ಜಿಲ್ಲೆಯ ಪೋರುಮಾಮಿಳ್ಳದ ಕೆರೆಯ ಬಳಿ ವಿಜಯನಗರದ ಬುಕ್ಕರಾಯನ ಮಗನಾದ ಭಾಸ್ಕರನು 1369ರಲ್ಲಿ ಹಾಕಿಸಿದ ಶಾಸನದಲ್ಲಿ ಉತ್ತಮವಾದ ಕೆರೆಗೆ ಬೇಕಾದ 12 ಅಂಗಗಳೂ, ಇರಬಾರದ 6 ದೋಷಗಳೂ ಎಣಿಸಲ್ಪಟ್ಟಿವೆ. ಏರಿಯು ಜಿನುಗುವುದು ಆ ಆರು ದೋಷಗಳಲ್ಲಿ ಒಂದು. ಆ ಕೆರೆಗೆ 1000 ಆಳುಗಳೂ 100 ಬಂಡಿಗಳೂ ಎರಡು ವರ್ಷ ದುಡಿದರೆಂದು ಅದೇ ಶಾಸನವು ಹೇಳುವುದು. ನಮ್ಮ ಹಳೆಯ ಮೈಸೂರು ಸಂಸ್ಥಾನದಲ್ಲಿಯೂ, ಕೆರೆಯನ್ನು ಕಟ್ಟಿಸಿದವರಿಗೂ ಕೆಟ್ಟ ಕೆರೆಯನ್ನು ಸರಿಪಡಿಸಿ ಕಾಪಾಡಲು ಒಪ್ಪಿದವರಿಗೂ ಕಟ್ಟುಕೊಡಗೆಯೆಂಬ ಹೆಸರಿನಿಂದ ಭೂಮಿಯನ್ನು ಬಿಡುವ ವಾಡಿಕೆಯಿತ್ತು. ಭೂಮಿಯನ್ನು ಅನುಭವಿಸುವವನು ಏರಿಯನ್ನು ನೋಡಿಕೊಳ್ಳತಕ್ಕದ್ದು, ಇದೇ ಕರಾರು. 1860ರ ದಶಕದಲ್ಲಿ ಮೈಸೂರಿನ ಮುಖ್ಯ ಇಂಜಿನಿಯರಾಗಿದ್ದ ಸ್ಯಾಂಕಿಯವರು, ಈ ದೇಶದಲ್ಲಿ ಹೊಸದಾಗಿ ಕೆರೆಯೊಂದಕ್ಕೆ ಸ್ಥಳವನ್ನು ಹುಡುಕುವುದೇ ಕಷ್ಟವೆನ್ನುವಷ್ಟು ದಟ್ಟವಾಗಿ ಕೆರೆಗಳಿರುವುದನ್ನು ಕಂಡು ಬೆರಗಾದರು. ಒಂದರ ಕೆಳಗೊಂದರಂತೆ ಸರಪಳಿಯಾಗಿ ಹಬ್ಬಿದ ಈ ಕೆರೆಗಳಲ್ಲಿ ಮೇಲಣ ಒಂದು ಒಡೆದರೆ ಕೆಳಗಿನವುಗಳೂ ಸಾಲಾಗಿ ಒಡೆಯುವ ಭಯವಿದ್ದೇ ಇರುವುದು. ಸಣ್ಣದೆಂದು ಯಾವುದನ್ನೂ ಬಿಡುವಂತಿಲ್ಲವೆನ್ನುವುದಕ್ಕೆ ಕಾರಣ ಇದೇ.

ಮುದುಕಿಯ ಮಾತು ನನ್ನ ನಿದ್ರೆಯನ್ನು ಕೆಡಿಸಿತು. ನನ್ನ ಸಹಪಾಠಿಯೊಬ್ಬಳ ಮಗಳು, ಅವಳೂ ನಮ್ಮ ಶಾಲೆಯಲ್ಲಿಯೇ ಓದಿದವಳು, ಈಗ ನೀರಾವರಿಯ ಇಂಜಿನಿಯರಳಾಗಿದ್ದಾಳೆ. ಅವಳನ್ನು ಕರೆದೆನು. ಅವಳು ಒಂದು ಭಾನುವಾರ ಬಂದು, ಸೀರೆಯನ್ನು ಎತ್ತಿ ಕಟ್ಟಿ, ಏರಿಯನ್ನು ಈ ಕೊನೆಯಿಂದ ಆ ಕೊನೆಯವರೆಗೆ ಮೂರು ಸಲ ನಡೆದಳು: ನೆತ್ತಿಯ ಮೇಲೊಮ್ಮೆ, ಹೊರಮೈಯ ನಡುವೆ ಒಮ್ಮೆ, ಬುಡದಲ್ಲಿ ಒಮ್ಮೆ. ಗಾರೆಯವರು ಮಟ್ಟ ನೋಡಲು ಉಪಯೋಗಿಸುವ, ನೀರು ತುಂಬಿದ ಉದ್ದನೆಯ ಕೊಳವೆಯನ್ನು ನಮ್ಮ ಕೈಗೆ ಕೊಟ್ಟು ಏರಿಯ ನೆತ್ತಿಯನ್ನು ಅಳೆಯಿಸಿದಳು. ಎತ್ತಿನ ಗಾಡಿಗಳೂ ಈಚೆಗೆ ಟ್ರ್ಯಾಕ್ಟರುಗಳೂ ಹಾದುಹೋಗುವ ನಡುಭಾಗವು ಎರಡು ಕೊನೆಗಳಿಗಿಂತ ಒಂದೂಕಾಲು ಅಡಿ ತಗ್ಗಾಗಿತ್ತು. ಕಣ್ಣಿಗೆ ಅದು ಕಾಣುತ್ತಿರಲಿಲ್ಲ. ಕೋಡಿಯ ಬಾಯಿಗೆ ಹೋಗಿ ನೋಡಿದರೆ, 20 ಅಡಿ ಅಗಲದ ಆ ಬಾಯಿಯಲ್ಲಿ ಯಾರೋ ಕಲ್ಲುಗಳನ್ನು ಸಾಲಾಗಿ ಜೋಡಿಸಿ ಮಣ್ಣು ಮೆತ್ತಿದ್ದರು, ಇನ್ನೊಂದು ಅಡಿ ನೀರು ನಿಲ್ಲಲೆಂದು. ಉಳಿದ ಭಾಗದಲ್ಲಿ ಲಾಂಟಾನ ಬೆಳೆದಿತ್ತು.

“ದೊಡ್ಡಮ್ಮ, ನೋಡಿ” ಎಂದಳು ಆ ಮಗು. “ನೀರು ಹೋಗಬೇಕಾದ ಸ್ಥಳವು ಎತ್ತರವಾಗಿದೆ, ನೀರು ಹೋಗಬಾರದ ಸ್ಥಳವು ತಗ್ಗಾಗಿದೆ. ಕಲ್ಲಿನ ಅಣೆಯ ಮೇಲೆ ನೀರು ಹರಿದರೆ ಅದು ಸಹಿಸಿಕೊಳ್ಳಬಹುದು. ಮಣ್ಣಿನ ಏರಿಯ ಮೇಲೆ ಹರಿದರೆ ಹೊರಮೈಯ ಮಣ್ಣು ಕೊಚ್ಚಿಕೊಂಡು ಹೋಗುತ್ತದೆ.” ಒಡೆದುಹೋದ ಮಣ್ಣಿನ ಅಣೆಕಟ್ಟುಗಳ ಲೆಕ್ಕವನ್ನು ವಿದ್ವಾಂಸರು ತೆಗೆದಿದ್ದಾರಂತೆ, ಸರಿಸುಮಾರು ಅರ್ಧದಷ್ಟು ನೆತ್ತಿಯ ಮೇಲೆ ನೀರು ಹರಿದೂ, ಸರಿಸುಮಾರು ಇನ್ನರ್ಧ ಒಳಗಿನಿಂದ ಮಣ್ಣು ಕೊರೆದೂ ಹೋದವುಗಳೆಂದು ಅವಳು ಹೇಳಿದಳು. ನಮ್ಮ ಕಟ್ಟೆಯು ಎರಡೂ ದಾರಿಗಳನ್ನು ತೆರೆದುಕೊಂಡಿತ್ತು. ಮುದುಕಿಯ ಹಿತ್ತಲಿನ ನೀರನ್ನು ಒಂದು ಗಾಜಿನ ಲೋಟದಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡಿದಳು. ಅದು ತಿಳಿಯಾಗಿತ್ತು. ಆ ಲೋಟವನ್ನು ಮುದುಕಿಗೇ ಕೊಟ್ಟು, ದಿನವೂ ಬೆಳಿಗ್ಗೆ ಹೀಗೆ ಹಿಡಿದು ನೋಡಬೇಕೆಂದೂ, ಕದಡಿದರೆ ಆ ಕ್ಷಣವೇ ನಮಗೆ ತಿಳಿಸಬೇಕೆಂದೂ ಹೇಳಿದಳು. ಮುದುಕಿಯು ಅದನ್ನು ಈವರೆಗೆ ಒಂದು ದಿವಸವೂ ತಪ್ಪಿಸಿಲ್ಲ.

ನಾನು ಆ ಬಳಿಕ ಈ ವಿಷಯದಲ್ಲಿ ದೊರೆತದ್ದನ್ನೆಲ್ಲಾ ಓದತೊಡಗಿದೆನು. ಅಮೇರಿಕಾ ದೇಶದ ಪೆನ್ಸಿಲ್ವೇನಿಯದಲ್ಲಿ ಜಾನ್ಸ್‌ಟೌನ್ ಎಂಬ ಪಟ್ಟಣವಿರುವುದು. ಅದರ ಮೇಲುಗಡೆ 14 ಮೈಲಿ ದೂರದಲ್ಲಿ 72 ಅಡಿ ಎತ್ತರದ ಒಂದು ಮಣ್ಣಿನ ಕಟ್ಟೆಯಿತ್ತು. ಸರ್ಕಾರವು ಕಾಲುವೆಗಾಗಿ ಕಟ್ಟಿಸಿ, ಬೇಡವಾದ ಮೇಲೆ ಮಾರಿ, ಕೈಯಿಂದ ಕೈಗೆ ಹೋಗಿ, ಕಡೆಗೆ 1879ರಲ್ಲಿ ಅದು ಮೀನುಹಿಡಿಯುವ ವಿನೋದಕ್ಕಾಗಿ ಸೇರಿದ ಧನಿಕರ ಒಂದು ಕೂಟದ ಸ್ವತ್ತಾಯಿತು. ಹಿಂದಿನ ಮಾಲೀಕನೊಬ್ಬನು ತಳದ ಕಬ್ಬಿಣದ ಕೊಳವೆಗಳನ್ನು ಕಿತ್ತು ಮಾರಿಬಿಟ್ಟಿದ್ದನು. ಆದಕಾರಣ ಬೇಕಾದಾಗ ನೀರನ್ನು ಇಳಿಸುವ ಉಪಾಯವಿರಲಿಲ್ಲ. ಕೂಟದವರು ತಮ್ಮ ಸಾರೋಟುಗಳು ಹಾಯುವಂತೆ ಏರಿಯ ನೆತ್ತಿಯನ್ನು ತಗ್ಗಿಸಿದರು. ಸಾಕಿದ ಮೀನುಗಳು ತಪ್ಪಿಸಿಕೊಳ್ಳಬಾರದೆಂದು ಕೋಡಿಗೆ ಕಬ್ಬಿಣದ ಜಾಲರಿಯನ್ನು ಹಾಕಿದರು. 1889ನೆಯ ಮೇ 31ರಂದು ದೊಡ್ಡ ಮಳೆಯಲ್ಲಿ ಕಸಕಡ್ಡಿಗಳು ಆ ಜಾಲರಿಗೆ ಸಿಕ್ಕಿಕೊಂಡು ಕೋಡಿಯು ಕಟ್ಟಿತು, ನೀರು ನೆತ್ತಿಯ ಮೇಲೆ ಹರಿಯಿತು, ಏರಿಯು ಹೋಯಿತು. ಸತ್ತವರು 2209 ಮಂದಿ. ಅಪಾಯವುಂಟೆಂದು ತಂತಿಯು ಹೋಗಿತ್ತು. ಆದರೆ ಪ್ರತಿ ಮಳೆಗಾಲದಲ್ಲಿಯೂ ಇಂಥ ಮಾತು ಕೇಳಿ ಕೇಳಿ ಬೇಸತ್ತಿದ್ದ ಪಟ್ಟಣದವರು ಅದನ್ನು ಲಕ್ಷಿಸಲಿಲ್ಲ.

ಇದನ್ನು ಓದಿದಾಗ ನನಗೆ ಆಶ್ಚರ್ಯವಾದದ್ದು ಸತ್ತವರ ಸಂಖ್ಯೆಯಿಂದಲ್ಲ. ಆ ಕೂಟದವರು ಮಾಡಿದ್ದರಲ್ಲಿ ದುಷ್ಟತನವೆಂಬುದು ಒಂದೂ ಇರಲಿಲ್ಲ. ಗಾಡಿ ಹೋಗಲಿ, ಮೀನು ಉಳಿಯಲಿ, ಹಳೆಯ ಕಬ್ಬಿಣಕ್ಕೆ ನಾಲ್ಕು ಕಾಸು ಬರಲಿ. ನಮ್ಮ ಕಟ್ಟೆಯಲ್ಲಿಯೂ ಇವೆಲ್ಲಾ ಆಗುತ್ತಿದ್ದವು, ಹೆಸರುಗಳು ಮಾತ್ರ ಬೇರೆ. ಆ ವರ್ಷವೇ ಮೀನಿನ ಗುತ್ತಿಗೆದಾರನೊಬ್ಬನು ಬಂದು, ಕೋಡಿಗೆ ಬಲೆ ಕಟ್ಟಲು ಒಪ್ಪುವುದಾದರೆ ಒಳ್ಳೆಯ ಮೊತ್ತವನ್ನು ಕೊಡುತ್ತೇನೆಂದು ನಮ್ಮಣ್ಣನಿಗೆ ಹೇಳಿ ಹೋಗಿದ್ದನು.

ಇಂಥದು ನೂರು ವರ್ಷದ ಹಿಂದಿನ ಮಾತೆಂದು ತಳ್ಳಿಹಾಕುವಂತಿಲ್ಲ. 2018ನೆಯ ಮೇ 9ರ ರಾತ್ರಿ ಕೀನ್ಯ ದೇಶದ ಸೊಲಾಯಿ ಎಂಬಲ್ಲಿ ಖಾಸಗಿ ತೋಟವೊಂದರ ಮಣ್ಣಿನ ಕಟ್ಟೆಯು ಒಡೆದು 40ಕ್ಕೂ ಹೆಚ್ಚು ಮಂದಿ ಕೊಚ್ಚಿಕೊಂಡು ಹೋದರು. 2020ನೆಯ ಮೇ 19ರಂದು ಅಮೇರಿಕಾದ ಮಿಚಿಗನ್ ಪ್ರಾಂತದಲ್ಲಿಯೂ ಖಾಸಗಿ ಮಾಲೀಕತ್ವದ ಮಣ್ಣಿನ ಅಣೆಕಟ್ಟು ಒಡೆಯಿತು. ಅಲ್ಲಿ ಸುಮಾರು 10,000 ಜನರನ್ನು ಮೊದಲೇ ಬೇರೆಡೆಗೆ ಸಾಗಿಸಿದ್ದರಾದ್ದರಿಂದ ಒಂದು ಪ್ರಾಣವೂ ಹೋಗಲಿಲ್ಲ. ಎರಡು ಕಡೆಯಲ್ಲಿಯೂ ಏರಿಯು ಒಡೆಯಿತು. ವ್ಯತ್ಯಾಸವಾದದ್ದು ಮುಂದಾಗಿ ಹೇಳಿ ಕಳುಹಿಸಿದ್ದರಿಂದ.

ಕಾಯಿದೆಯು ಏನು ಹೇಳುವುದೆಂದು ನಮ್ಮಣ್ಣನು ವಿಚಾರಿಸಿದನು. ನಮ್ಮ ದೇಶದಲ್ಲಿ 2021ರ ಅಣೆಕಟ್ಟು ಸುರಕ್ಷತಾ ಕಾಯಿದೆಯುಂಟು. ಅದು 15 ಮೀಟರಿಗಿಂತ ಎತ್ತರವಾದ ಅಣೆಕಟ್ಟುಗಳಿಗೂ, 10ರಿಂದ 15 ಮೀಟರಿನವುಗಳಲ್ಲಿ ಉದ್ದ, ನೀರಿನ ಸಂಗ್ರಹ ಮುಂತಾದ ಕೆಲವು ಲಕ್ಷಣಗಳುಳ್ಳವುಗಳಿಗೂ ಅನ್ವಯಿಸುವುದು. ನಮ್ಮ 18 ಅಡಿಯ ಏರಿಯು ಆರು ಮೀಟರನ್ನೂ ಮುಟ್ಟದು. ಹಾಗಾದರೆ ನಮಗೆ ಬಾಧ್ಯತೆಯಿಲ್ಲವೆಂದು ಅಣ್ಣನು ಒಂದು ದಿವಸ ಸಮಾಧಾನಪಟ್ಟುಕೊಂಡನು. ಆದರೆ ನೆರೆಯವನಿಗಾದ ನಷ್ಟದ ವಿಷಯದಲ್ಲಿ ನ್ಯಾಯಸ್ಥಾನಗಳ ಹಳೆಯ ತೀರ್ಪುಗಳಿವೆ. ಇಂಗ್ಲೆಂಡಿನ ಲ್ಯಾಂಕಷೈರಿನಲ್ಲಿ ಗಿರಣಿಯ ಒಡೆಯನೊಬ್ಬನು ಕಟ್ಟಿಸಿದ ಜಲಾಶಯದ ನೀರು ನೆರೆಯವನ ಗಣಿಗೆ ನುಗ್ಗಿದ ಮೊಕದ್ದಮೆಯಲ್ಲಿ, ಅಪಾಯಕರವಾದುದನ್ನು ತನ್ನ ಭೂಮಿಗೆ ತಂದು ಸೇರಿಸಿದವನು ಅದು ತಪ್ಪಿಸಿಕೊಂಡು ಹೋದರೆ ನಷ್ಟವನ್ನು ಕೊಡಬೇಕೆಂದು 1868ರಲ್ಲಿ ತೀರ್ಮಾನವಾಯಿತು. ನಮ್ಮ ನೆರೆಯ ಮದ್ರಾಸ್ ಪ್ರಾಂತದಲ್ಲಿಯೂ ಕಾರ್ವೇಟಿನಗರದ ಜಮೀನ್ದಾರರ ಕೆರೆಗಳು ಒಡೆದು ರೈಲುದಾರಿಯು ಕೊಚ್ಚಿಹೋಗಲು, ರೈಲ್ವೆ ಕಂಪನಿಯವರು ಇದೇ ನ್ಯಾಯವನ್ನು ಮುಂದಿಟ್ಟು ದಾವಾ ಹೂಡಿದರು. 1874ರಲ್ಲಿ ಪ್ರಿವಿ ಕೌನ್ಸಿಲಿನವರು ಜಮೀನ್ದಾರರ ಪರವಾಗಿ ತೀರ್ಪು ಕೊಟ್ಟರು. ಈ ದೇಶದಲ್ಲಿ ಕೆರೆಗಳು ಪುರಾತನವಾದವುಗಳು, ಬೇಸಾಯಕ್ಕೆ ಅವಶ್ಯವಾದವುಗಳು, ಅವುಗಳನ್ನು ಉಳಿಸಿಕೊಂಡು ಬರುವುದು ಜಮೀನ್ದಾರನ ಕರ್ತವ್ಯ, ಆದಕಾರಣ ಇಂಗ್ಲೆಂಡಿನ ಗಿರಣಿಯವನ ನ್ಯಾಯವು ಇಲ್ಲಿ ಸಲ್ಲದೆಂದರು. ನಮ್ಮಣ್ಣನಿಗೆ ಈ ತೀರ್ಪು ಬಹಳ ಹಿಡಿಸಿತು. ನಾನು ಅದನ್ನು ಮತ್ತೊಮ್ಮೆ ಓದಿ ಹೇಳಿದೆನು: ಜಮೀನ್ದಾರರು ಗೆದ್ದದ್ದು ಅವರ ಕಡೆಯಿಂದ ಅಜಾಗ್ರತೆಯು ಕಂಡುಬರಲಿಲ್ಲವಾದ್ದರಿಂದ. ಕೋಡಿಗೆ ಬಲೆಯನ್ನು ಕಟ್ಟಿಸಿಕೊಂಡವನಿಗೆ ಆ ಆಶ್ರಯವು ದೊರೆಯುವುದೇ?

ಮನೆಯಲ್ಲಿ ಮೂರು ಪಕ್ಷಗಳಾದವು. ಏರಿಯನ್ನು ಕಡಿದುಬಿಟ್ಟು ತೊಂದರೆಯನ್ನೇ ಕಳೆದುಕೊಳ್ಳೋಣವೆಂದು ಬೆಂಗಳೂರಿನಲ್ಲಿರುವ ನಮ್ಮಣ್ಣನ ಮಗನು ಹೇಳಿದನು. ದೂರದಲ್ಲಿರುವವರಿಗೆ ಇದು ಸುಲಭವಾಗಿ ಕಾಣುವುದು. ಆದರೆ ಕಟ್ಟೆಯಲ್ಲಿ ನೀರು ನಿಂತ ವರ್ಷ ಕೆಳಗಣ ಬಾವಿಗಳಲ್ಲಿ ನೀರು ಏರುವುದನ್ನು ಕಂಡವರು ಹಾಗೆ ಹೇಳಲಾರರು. ಆ 19 ಮನೆಗಳವರೇ ಅದಕ್ಕೆ ಒಪ್ಪಲಿಲ್ಲ. ಅಣ್ಣನ ಮನಸ್ಸು ಮೀನಿನ ಗುತ್ತಿಗೆಯ ಹಣದಿಂದಲೇ ಏರಿಯನ್ನು ಸರಿಪಡಿಸಬಹುದೆಂಬ ಕಡೆಗಿತ್ತು. ನಾನೂ ನಮ್ಮತ್ತಿಗೆಯವರೂ ಕೋಡಿಯನ್ನು ತೆರೆಯಲೇಬೇಕೆಂದೆವು. ಅತ್ತಿಗೆಯವರು ಹೆಚ್ಚು ಮಾತನಾಡುವವರಲ್ಲ. ಅವರು ಅಣ್ಣನನ್ನು ಒಂದು ಸಂಜೆ ಮುದುಕಿಯ ಮನೆಗೆ ಕರೆದುಕೊಂಡು ಹೋಗಿ, ಆಕೆಯ ಮೊಮ್ಮಕ್ಕಳು ಮಲಗುವ ಹಜಾರದಲ್ಲಿ ಕುಳ್ಳಿರಿಸಿ, ಬಾಗಿಲಿನಿಂದ ಏರಿಯು ಎಷ್ಟು ಎತ್ತರ ಕಾಣುವುದೆಂಬುದನ್ನು ತೋರಿಸಿದರು. ಗುತ್ತಿಗೆದಾರನಿಗೆ ಮರುದಿನವೇ ಬೇಡವೆಂದು ಹೇಳಿ ಕಳುಹಿಸಲಾಯಿತು.

ಕೋಡಿಯ ಕಲ್ಲುಗಳನ್ನು ಅಂದಿನ ವಾರದಲ್ಲಿಯೇ ತೆಗೆಸಿದೆವು. ಒಂದು ಅಡಿ ನೀರು ಹರಿದುಹೋಯಿತು. ಮೇಲುಗಡೆಯ ಕೆಲವು ರೈತರಿಗೆ ಇದು ಸರಿಬರಲಿಲ್ಲ. ನೀರನ್ನು ಸುಮ್ಮನೆ ಹಾಳುಮಾಡಿದರೆಂದು ಇಂದಿಗೂ ಅನ್ನುವವರಿದ್ದಾರೆ. ಜಿನುಗುವ ಸ್ಥಳಕ್ಕೆ ಹೊರಗಿನಿಂದ ಸಿಮೆಂಟನ್ನು ಬಳಿದು ಮುಚ್ಚಿಬಿಡಬೇಕೆಂದು ಗಾರೆಯವನು ಹೇಳಿದಾಗ ಇಂಜಿನಿಯರಳು ಬೇಡವೆಂದು ಕೈಯಾಡಿಸಿದಳು. ಹೊರಗೆ ಬರುವ ನೀರನ್ನು ಹೊರಗಿನಿಂದ ತಡೆದರೆ ಅದು ಏರಿಯೊಳಗೆ ನಿಂತು ಮಣ್ಣನ್ನು ಮೆತ್ತಗೆ ಮಾಡುವುದು. ನೀರನ್ನು ಬಿಟ್ಟು ಮಣ್ಣನ್ನು ಮಾತ್ರ ಹಿಡಿಯಬೇಕು. ಅದಕ್ಕಾಗಿ ಮೊದಲು ಮರಳು, ಅದರ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದಪ್ಪ ಜಲ್ಲಿ, ಕಡೆಗೆ ಕಲ್ಲು, ಹೀಗೆ ಬುಡದಲ್ಲಿ ಪದರಪದರವಾಗಿ ಹಾಸಿದರೆ ಅದು ಜರಡಿಯಂತೆ ಕೆಲಸ ಮಾಡುವುದು. ಈ ಜರಡಿಯ ತತ್ತ್ವಕ್ಕೆ ಶಾಸ್ತ್ರೀಯ ರೂಪವನ್ನು ಕೊಟ್ಟವರು ಕಾರ್ಲ್ ಟೆರ್ಜಾಘಿಯೆಂಬ ಪಂಡಿತರಂತೆ. ನಮ್ಮ ಅಡಿಗೆಮನೆಯಲ್ಲಿ ಕಾಫಿಯ ಸೋಸುಕವನ್ನು ಬಲ್ಲವರಿಗೆ ಇದು ಕಷ್ಟವಾದ ಶಾಸ್ತ್ರವಲ್ಲ. ಏರಿಯ ಮೇಲಣ ಎಳೆಯ ಗಿಡಗಳನ್ನು ಬೇರುಸಹಿತ ಕೀಳಿಸಿದೆವು. ದೊಡ್ಡ ಹೊಂಗೆಮರಗಳೆರಡನ್ನು ಮಾತ್ರ ಕಡಿಯಿಸಲಿಲ್ಲ. ಕಡಿದರೆ ಒಳಗಿನ ಬೇರು ಕೊಳೆತು ಅಲ್ಲಿಯೇ ಬಿಲವಾಗುವುದೆಂದೂ, ಬುಡವನ್ನು ಅಗೆದು ತೆಗೆದು ಮಣ್ಣನ್ನು ದಿಮ್ಮಸಿನಿಂದ ಬಡಿದು ತುಂಬುವುದಕ್ಕೆ ಕಟ್ಟೆಯು ಬರಿದಾಗಿರಬೇಕೆಂದೂ ಅವಳು ಹೇಳಿದಳು.

ಮಾರನೆಯ ಬೇಸಗೆಯಲ್ಲಿ ನಡುವಣ ತಗ್ಗಿಗೆ ಮಣ್ಣು ಹಾಕಿಸಿ, ಅಂಗೈ ಅಗಲದ ಪದರಗಳಾಗಿ ನೀರು ಚಿಮುಕಿಸಿ ಬಡಿಯಿಸಿ, ಎರಡು ಕೊನೆಗಳಿಗಿಂತ ನಾಲ್ಕು ಬೆರಳು ಎತ್ತರಕ್ಕೆ ತಂದೆವು. ಹೊಸ ಮಣ್ಣು ಕುಳಿತುಕೊಳ್ಳುವುದೆಂದು ಅಷ್ಟು ಹೆಚ್ಚು. ಎರಡು ಕೊನೆಗಳಲ್ಲಿಯೂ ಕಲ್ಲುಕಂಬಗಳನ್ನು ನೆಟ್ಟು ಟ್ರ್ಯಾಕ್ಟರುಗಳಿಗೆ ದಾರಿಯನ್ನು ಮುಚ್ಚಿದ್ದೇವೆ. 19 ಮನೆಗಳ ಟೆಲಿಫೋನ್ ಸಂಖ್ಯೆಗಳನ್ನು ಬರೆದ ಒಂದು ಕಾಗದವು ನಮ್ಮ ಮನೆಯ ಗೋಡೆಯ ಮೇಲಿದೆ. ರಾತ್ರಿಯಲ್ಲಿ ಟೆಲಿಫೋನು ಕೆಲಸ ಮಾಡದಿದ್ದರೆ ಬಾರಿಸಲೆಂದು ಒಂದು ತಮಟೆಯು ಮುದುಕಿಯ ಮನೆಯಲ್ಲಿದೆ. ಆ ಸದ್ದು ಕೇಳಿದರೆ ಯಾವ ದಿಬ್ಬಕ್ಕೆ ಹತ್ತಬೇಕೆಂಬುದು ಮಕ್ಕಳಿಗೂ ಗೊತ್ತು.

ಉಳಿದಿರುವುದು ತೂಬು. ಅದರ ಕಲ್ಲಿನ ಬೆಣೆಯು ಹೂಳಿನಲ್ಲಿ ಹೂತುಹೋಗಿ ಎಷ್ಟೋ ಕಾಲದಿಂದ ಅಲುಗಾಡದು. ಅಂದರೆ ನಾಳೆ ಕದಡಿದ ನೀರು ಕಂಡರೂ ಕಟ್ಟೆಯ ನೀರನ್ನು ಇಳಿಸಲು ನಮಗೆ ದಾರಿಯಿಲ್ಲ. ಪಂಪುಗಳನ್ನು ಬಾಡಿಗೆಗೆ ತರಬೇಕಾದೀತು. ಪಕ್ಕದ ಸಂದಿನಲ್ಲಿ ನೀರು ನುಸುಳುತ್ತಿರುವುದೋ ಇಲ್ಲವೋ ಎಂಬುದೂ ಹೂಳು ತೆಗೆಯದೆ ತಿಳಿಯದು. ಆ ಕೆಲಸಕ್ಕೆ ಏರಿಯ ಮಣ್ಣನ್ನು ತಳದವರೆಗೆ ತೋಡಿ ಮತ್ತೆ ಕಟ್ಟಬೇಕು. ಖರ್ಚು ಇದುವರೆಗೆ ಆದದ್ದರ ಮೂರರಷ್ಟಾಗುವುದೆಂದು ಅಂದಾಜು. ಅಣ್ಣನು ತನ್ನ ಪಾಲಿಗೆ ಒಪ್ಪಿದ್ದಾನೆ, ನನ್ನ ಪಾಲನ್ನು ನಾನು ಪಿಂಚಣಿಯ ಹಣದಿಂದ ತೆಗೆದಿಟ್ಟಿದ್ದೇನೆ. ಕಟ್ಟೆಯು ಬರಿದಾಗುವ ತನಕ, ಎಂದರೆ ಬರುವ ಮಾರ್ಚಿ ತಿಂಗಳ ತನಕ, ಅದಕ್ಕೆ ಕೈ ಹಾಕುವಂತಿಲ್ಲ.